ಕುರಿ ಕಂಡ ನೀರು, ದೊರೆ ಕಂಡ ಕೋಟೆ

ಮಧುಗಿರಿಯ ಬೆಟ್ಟವನ್ನು ಕಂಡವರಿಗೆ ಅದರ ಗಾತ್ರವನ್ನು ವರ್ಣಿಸಬೇಕಾಗಿಲ್ಲ. ಕಾಣದವರಿಗೆ ವರ್ಣಿಸಿದರೂ ನಂಬುಗೆ ಬರುವುದು ಕಷ್ಟ. ಸಮುದ್ರಮಟ್ಟದಿಂದ 3,930 ಅಡಿ ಎತ್ತರಕ್ಕೆ, ಊರಿನ ಬೆನ್ನಿಗೇ ಅಂಟಿಕೊಂಡಂತೆ, ಒಂದೇ ಬಂಡೆಯಾಗಿ ಎದ್ದು ನಿಂತಿರುವ ಆ ಬೆಟ್ಟದ ಮೈಮೇಲೆ ಕೋಟೆಯ ಗೋಡೆಗಳು ಹಂತಹಂತವಾಗಿ ಏರಿಕೊಂಡು ಹೋಗುತ್ತವೆ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದು ಬಾಗಿಲುಗಳಿಗೆ ಹೆಸರುಗಳುಂಟು. ಇಂಥ ದುರ್ಗಮವಾದ ಕೋಟೆಗೆ ಸ್ಥಳವನ್ನು ಹುಡುಕಿಕೊಟ್ಟವರು ಯಾರು? ದಳವಾಯಿಯಲ್ಲ, ವಾಸ್ತುಶಿಲ್ಪಿಯಲ್ಲ, ಒಂದು ಕುರಿ. ಹಿರೇಗೌಡನೆಂಬ ಪಾಳೆಯಗಾರನ ಹಿಂಡಿನಿಂದ ತಪ್ಪಿಸಿಕೊಂಡ ಕುರಿಯೊಂದು ಮರಳಿ ಬಂದಾಗ ಅದರ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತಂತೆ. ಹೀಗೆ ಬೆಟ್ಟದ ಬುಡದಲ್ಲಿ ನೀರಿನ ಬುಗ್ಗೆಯಿರುವುದು ಗೊತ್ತಾಯಿತೆಂದು ಸ್ಥಳದ ಐತಿಹ್ಯ. ನೀರಿದ್ದಲ್ಲಿ ಊರು, ಊರಿದ್ದಲ್ಲಿ ಕೋಟೆ, ಕೋಟೆಯಿದ್ದಲ್ಲಿ ಮುತ್ತಿಗೆ. ಪಾಪ, ಕುರಿಗೆ ಬಾಯಾರಿಕೆಯಾಗಿತ್ತು, ಅಷ್ಟೆ.

ಮುಂದೆ ನಡೆದುದನ್ನು ಚರಿತ್ರೆ ಬಲ್ಲದು. ಹೈದರಾಲಿ ಈ ಕೋಟೆಯನ್ನು ಬಲಪಡಿಸಿದನು. 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಅಲ್ಲಿಯ ರಾಣಿ ವೀರಮ್ಮಾಜಿಯನ್ನು ತಂದು ಸೆರೆಯಿಟ್ಟುದು ಇಲ್ಲಿಯೇ. 1767ರಲ್ಲಿ ಪೇಶ್ವೆ ಮಾಧವರಾಯನ ದಂಡು ಕೋಟೆಯನ್ನು ಹಿಡಿದು ಆಕೆಯನ್ನು ಬಿಡಿಸಿತು. ಮತ್ತೆ ಮೈಸೂರಿನ ವಶ, ಮತ್ತೆ ಮುತ್ತಿಗೆ. ನೆರೆಯ ಸಿರಾ ಪಟ್ಟಣದ ಪಾಡೂ ಇದೇ: ಮೊಗಲರು, ಮರಾಠರು, ಹೈದರ್, ಪುನಃ ಮರಾಠರು, ಪುನಃ ಟಿಪ್ಪು. ದಂಡುಗಳ ಓಡಾಟ ಈ ಸೀಮೆಯ ಜನಕ್ಕೆ ಎಷ್ಟು ಪರಿಚಿತವಾಗಿತ್ತೆಂದರೆ, ಮಧುಗಿರಿಯಲ್ಲಿ ಪೂಜೆಗೊಳ್ಳುವ ಅಮ್ಮನವರಿಗೂ ದಂಡಿನ ಮಾರಮ್ಮನೆಂದೇ ಹೆಸರು. ಇಷ್ಟೆಲ್ಲ ಗದ್ದಲದ ನಡುವೆ ಆ ಕುರಿಯ ಗತಿಯೇನಾಯಿತೆಂಬುದನ್ನು ಕಥೆ ಹೇಳುವುದಿಲ್ಲ. ದಂಡಿನವರ ಹಸಿವನ್ನು ನೆನೆದರೆ ವಾಚಕರು ತಾವೇ ಊಹಿಸಿಕೊಳ್ಳಬಹುದು.

ಯುದ್ಧಕಾಲದ ಪ್ರಾಣಿಗಳನ್ನು ಕುರಿತು ಒಂದು ಕಿರಿಯ ಹಾಸ್ಯಚಿತ್ರವನ್ನು, ಅದರಲ್ಲಿಯೂ ಗೆರೆಗಳಿಗೆ ಜೀವ ತುಂಬಿ ಓಡಿಸುವ ಅನಿಮೇಷನ್ ಚಿತ್ರವನ್ನು, ತಯಾರಿಸಬೇಕೆಂದು ಹೊರಡುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಆರಂಭ ದೊರೆಯಲಾರದು. ಅಂಥ ವಿದ್ಯಾರ್ಥಿಗಳು ಇಂದು ವಿರಳರೇನಲ್ಲ. ಈ ವಿದ್ಯೆಗೆಂದೇ ಒಂದು ಪ್ರತ್ಯೇಕ ನೀತಿಯನ್ನು 2012ರಲ್ಲಿ, ದೇಶದಲ್ಲಿಯೇ ಮೊದಲನೆಯದಾಗಿ, ಹೊರಡಿಸಿದ ರಾಜ್ಯ ಕರ್ನಾಟಕ. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಪರದೇಶದ ಚಿತ್ರಗಳಿಗೆ ಬಣ್ಣ ತುಂಬಿ, ಬೆಳಕು ಜೋಡಿಸುವ ಯುವಕ ಯುವತಿಯರು ಅನೇಕರು. ಆದರೂ ಮಗ ಗೊಂಬೆ ಬರೆಯುವ ವಿದ್ಯೆಯನ್ನು ಕಲಿಯುತ್ತೇನೆಂದಾಗ ಮನೆಯಲ್ಲಿ ತಂದೆಯ ಮುಖ ಸಪ್ಪಗಾಗುವುದು ಇನ್ನೂ ನಿಂತಿಲ್ಲ. ಅದಿರಲಿ. ಇಲ್ಲಿ ವಿಚಾರಿಸಬೇಕಾದುದು ಉದ್ಯೋಗದ ಮಾತನ್ನಲ್ಲ, ಆ ಹುಡುಗ ಅಥವಾ ಹುಡುಗಿ ತನ್ನದೆಂದು ಮಾಡುವ ಮೊದಲ ಐದು ನಿಮಿಷದ ಚಿತ್ರದಲ್ಲಿ ನಗೆಯನ್ನು ಯಾರ ಮೇಲೆ ಬೀಳಿಸಬೇಕೆಂಬ ಮಾತನ್ನು.

ಐದು ನಿಮಿಷವೆಂದರೆ ಅಲ್ಪವೆಂದು ಯಾರೂ ತಿಳಿಯಬಾರದು. ಪರದೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟುಗಳು ಸರಿಯುತ್ತವೆ. ಐದು ನಿಮಿಷಕ್ಕೆ 7,200. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ನಿಲ್ಲಿಸಿದರೂ ಕಣ್ಣು ಮೋಸಹೋಗುವುದರಿಂದ ಅರ್ಧಕ್ಕೆ ಇಳಿಸಬಹುದು. ಆಗಲೂ 3,600 ಚಿತ್ರಗಳು. ದಿನಕ್ಕೆ 20 ಚಿತ್ರ ಬರೆಯುವ ಕೈಗೆ ಆರು ತಿಂಗಳ ಕೂಲಿ, ಅದೂ ಒಂದು ದಿನವೂ ರಜೆಯಿಲ್ಲದೆ. ಗಣಕಯಂತ್ರವು ನಡುವಣ ಚಿತ್ರಗಳನ್ನು ತುಂಬಿಕೊಟ್ಟು ಈ ಶ್ರಮವನ್ನು ಎಷ್ಟೋ ಹಗುರ ಮಾಡಿದೆ. ಬ್ಲೆಂಡರ್ ಎಂಬ ತಂತ್ರಾಂಶವನ್ನು ಹಣ ಕೊಡದೆ ಪಡೆಯಬಹುದು. ಆದರೆ ಎತ್ತು ಎತ್ತಿನಂತೆ ನಡೆಯಬೇಕೇ, ಮೇಜಿಗೆ ಕೊಂಬು ಬಂದಂತೆ ನಡೆಯಬೇಕೇ ಎಂಬುದನ್ನು ಯಂತ್ರ ತೀರ್ಮಾನಿಸುವುದಿಲ್ಲ.

ಸಲಕರಣೆಯಿಲ್ಲವೆಂದು ಕೊರಗುವವರು ದಾದಾಸಾಹೇಬ ಫಾಲ್ಕೆಯವರನ್ನು ನೆನೆಯಬೇಕು. ಮೊದಲ ಮಹಾಯುದ್ಧದ ಕಾಲ. ಕಚ್ಚಾ ಫಿಲ್ಮು ಯೂರೋಪಿನಿಂದ ಬರಬೇಕು; ಯುದ್ಧದ ದೆಸೆಯಿಂದ ಸರಬರಾಜಿಗೆ ಅಡಚಣೆ. ದೊಡ್ಡ ಕಥಾಚಿತ್ರ ತೆಗೆಯಲು ಅನುಕೂಲವಿಲ್ಲದ ಆ ದಿನಗಳಲ್ಲಿ, 1915ರಲ್ಲಿ, ಫಾಲ್ಕೆಯವರು ಬೆಂಕಿಕಡ್ಡಿಗಳನ್ನು ಒಂದಿಷ್ಟಿಷ್ಟೇ ಸರಿಸಿ, ಒಂದೊಂದು ಸರಿತಕ್ಕೂ ಒಂದೊಂದು ಚಿತ್ರ ತೆಗೆದು, ಕಡ್ಡಿಗಳ ಆಟವೊಂದನ್ನು ಸೃಷ್ಟಿಸಿದರು. ಭಾರತದ ಅನಿಮೇಷನ್ ಕಲೆಯ ವಂಶಾವಳಿ ಆರಂಭವಾಗುವುದು ಆ ಬೆಂಕಿಪೆಟ್ಟಿಗೆಯಿಂದ. ಮುಂದೆ 1956ರಲ್ಲಿ ಫಿಲ್ಮ್ಸ್ ಡಿವಿಷನ್ ಸಂಸ್ಥೆ ಮುಂಬಯಿಯಲ್ಲಿ ಕಾರ್ಟೂನ್ ಶಾಖೆಯನ್ನು ತೆರೆಯಿತು. ಡಿಸ್ನಿಯ ‘ಬ್ಯಾಂಬಿ’ಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಎಂಬ ಅಮೆರಿಕದ ಕಲಾವಿದರು ಬಂದು ಇಲ್ಲಿಯ ಕಲಾವಿದರಿಗೆ ಶಿಕ್ಷಣ ಕೊಟ್ಟರು. 1957ರಲ್ಲಿ ಆ ಶಾಖೆಯಿಂದ ‘ದಿ ಬ್ಯಾನಿಯನ್ ಡೀರ್’ ಹೊರಬಂದಿತು. ಜಾತಕಕಥೆಯ ಜಿಂಕೆ, ತನ್ನ ಹಿಂಡಿನ ಒಂದು ಬಸುರಿ ಜಿಂಕೆಗೆ ಬದಲಾಗಿ ತಾನೇ ಅರಸನ ಕತ್ತಿಗೆ ಕೊರಳೊಡ್ಡುವ ಕಥೆ. ಆಯುಧ ಹಿಡಿದ ಮನುಷ್ಯನ ಮುಂದೆ ಪ್ರಾಣಿಯನ್ನು ನಿಲ್ಲಿಸಿ ನೋಡುವ ಕೆಲಸವನ್ನು ನಮ್ಮ ಅನಿಮೇಷನ್ ಹೀಗೆ ತನ್ನ ಬಾಲ್ಯದಲ್ಲಿಯೇ ಕೈಗೊಂಡಿತೆನ್ನಬಹುದು.

ಹೊರಗಣ ಪ್ರಪಂಚದಲ್ಲಿ ಈ ಎರಡು ವಸ್ತುಗಳು, ಪ್ರಾಣಿ ಮತ್ತು ಯುದ್ಧ, ಒಂದೇ ಕೈಯಿಂದ ಮೂಡಿದ ಉದಾಹರಣೆ ಇನ್ನೂ ಹಳೆಯದು. ಅಮೆರಿಕದ ವಿನ್ಸರ್ ಮೆಕೆ 1914ರಲ್ಲಿ ಗರ್ಟಿ ಎಂಬ ಹೆಣ್ಣು ಡೈನೋಸಾರನ್ನು ಬರೆದು ಜನರನ್ನು ನಗಿಸಿದನು. ಗದರಿಸಿದರೆ ಅಳುವ, ತಿನ್ನಲು ಕೊಟ್ಟರೆ ನಲಿಯುವ, ಮಗುವಿನಂಥ ಪ್ರಾಣಿ ಅದು. ನಾಲ್ಕು ವರ್ಷಗಳ ತರುವಾಯ ಅದೇ ಕೈ ಲೂಸಿಟೇನಿಯಾ ಹಡಗಿನ ಮುಳುಗಡೆಯನ್ನು ಸುಮಾರು 25,000 ಚಿತ್ರಗಳಲ್ಲಿ ಬರೆಯಿತು. ಅದರಲ್ಲಿ ನಗೆಯ ಸುಳಿವಿಲ್ಲ. ನಗೆ ಮತ್ತು ಯುದ್ಧವನ್ನು ಒಂದೇ ಚಿತ್ರದಲ್ಲಿ ಕೂಡಿಸಬಹುದೆಂದು ತೋರಿಸಿದವರು ಆಮೇಲೆ ಬಂದರು. ಎಲ್ಲರೂ ಸಮಾನವಾದ ವಿವೇಕದಿಂದ ತೋರಿಸಲಿಲ್ಲ.

ಎರಡು ಚಿತ್ರಗಳನ್ನು ಎದುರುಬದುರಾಗಿಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮೊದಲನೆಯದು 1939ರ ಡಿಸೆಂಬರಿನಲ್ಲಿ, ಯೂರೋಪಿನಲ್ಲಿ ಯುದ್ಧ ಹೊತ್ತಿಕೊಂಡ ಮೂರು ತಿಂಗಳಿಗೆ, ಹ್ಯೂ ಹಾರ್ಮನ್ ಹೊರತಂದ ‘ಪೀಸ್ ಆನ್ ಅರ್ತ್’. ಅಳಿಲಿನ ಮನೆ, ಹಬ್ಬದ ರಾತ್ರಿ. ಮೊಮ್ಮಕ್ಕಳು ಅಜ್ಜನನ್ನು ಕೇಳುತ್ತವೆ: ಮನುಷ್ಯರೆಂದರೆ ಏನು? ಅಂಥದೊಂದು ಪ್ರಾಣಿ ಇತ್ತು, ಸದಾ ಹೊಡೆದಾಡುತ್ತಿತ್ತು, ಕಡೆಗೆ ಉಳಿದ ಇಬ್ಬರೂ ಒಬ್ಬರನ್ನೊಬ್ಬರು ಕೊಂದುಕೊಂಡರು ಎಂದು ಅಜ್ಜ ಹೇಳುತ್ತದೆ. ಅಳಿಲುಗಳ ಮನೆಗಳನ್ನು ದಿಟ್ಟಿಸಿದರೆ ಅವು ಸತ್ತ ಸಿಪಾಯಿಗಳ ಉಕ್ಕಿನ ಟೋಪಿಗಳು! ನೋಡುವವನಿಗೆ ನಗು ಬರುತ್ತದೆ. ನಗು ಗಂಟಲಿನಲ್ಲಿ ನಿಲ್ಲುತ್ತದೆ.

ಎರಡನೆಯದು 1945ರ ಏಪ್ರಿಲಿನಲ್ಲಿ ಜಪಾನಿನಲ್ಲಿ ತೆರೆ ಕಂಡ ಮೊಮೊತಾರೊ ಚಿತ್ರ. ನೌಕಾಪಡೆಯ ಆಜ್ಞೆಯಂತೆ ಸೆಓ ಮಿತ್ಸುಯೋ ನಿರ್ದೇಶಿಸಿದ, 74 ನಿಮಿಷಗಳ ದೊಡ್ಡ ಚಿತ್ರ. ನಾಯಿ, ಕೋತಿ, ಕರಡಿ ಮೊದಲಾದವು ಮುದ್ದಾದ ಸಿಪಾಯಿಗಳು. ಕೊಡೆ ಹಿಡಿದು ಆಕಾಶದಿಂದ ಇಳಿಯುತ್ತವೆ. ದಕ್ಷಿಣದ ದ್ವೀಪದ ಪ್ರಾಣಿಗಳಿಗೆ ಅಕ್ಷರ ಕಲಿಸುವ ಹಾಡು ಬಹು ಸೊಗಸಾಗಿದೆ. ಶತ್ರುಗಳು ಮಾತ್ರ ಕೊಂಬು ಮೂಡಿದ ಬಿಳಿಯ ಮನುಷ್ಯರು. ಮುಂದೆ ಆ ದೇಶದ ಚಿತ್ರಕಥಾಲೋಕದ ದೊರೆಯೆನಿಸಿದ ತೆಜುಕಾ ಒಸಾಮು ಹುಡುಗನಾಗಿದ್ದಾಗ ಇದನ್ನು ಒಸಾಕಾದ ಖಾಲಿ ಚಿತ್ರಮಂದಿರದಲ್ಲಿ ನೋಡಿ ಕಣ್ಣೀರಿಟ್ಟನಂತೆ. ಕಲೆಯ ಮಟ್ಟಿಗೆ ಇದನ್ನು ಹಳಿಯುವಂತಿಲ್ಲ. ಆದರೆ ಕರಡಿಮರಿಗೆ ಆ ಯುದ್ಧದಲ್ಲಿ ಏನು ಕೆಲಸ? ಮಕ್ಕಳಿಗೆ ಪ್ರಾಣಿಗಳ ಮೇಲಿರುವ ಪ್ರೀತಿಯನ್ನು ಸಾಲವಾಗಿ ತೆಗೆದುಕೊಂಡು, ಅದನ್ನು ದಂಡಿನ ಲೆಕ್ಕಕ್ಕೆ ಜಮಾ ಮಾಡಿಕೊಂಡ ಕೆಲಸವಿದು. ಅಮೆರಿಕದವರೂ ಇದರಿಂದ ದೂರವಿರಲಿಲ್ಲ. 1942ರಲ್ಲಿ ಟೆಕ್ಸ್ ಏವರಿ ಹಿಟ್ಲರನನ್ನು ತೋಳನನ್ನಾಗಿ ಮಾಡಿ ಮೂರು ಹಂದಿಮರಿಗಳ ಕೈಗೆ ಫಿರಂಗಿ ಕೊಟ್ಟನು. ಹಿಟ್ಲರನಿಗೆ ಅದು ಸಲ್ಲತಕ್ಕದ್ದೇ. ತೋಳನ ಮಾನಹಾನಿಯಾಯಿತೆಂಬುದಷ್ಟೇ ಆಕ್ಷೇಪ.

ವಿದ್ಯಾರ್ಥಿಗಳೇ ಮಾಡಿದ ಒಂದು ಚಿತ್ರವನ್ನೂ ಇಲ್ಲಿ ನೆನೆಯಬೇಕು. ಫ್ರಾನ್ಸಿನ ಇಸಾರ್ ಡಿಜಿಟಲ್ ಎಂಬ ಶಾಲೆಯಿಂದ 2016ರಲ್ಲಿ ‘ಪ್ವಾಲ್ಯು’ ಎಂಬ ಕಿರುಚಿತ್ರ ಬಂದಿತು. ಮೊದಲ ಮಹಾಯುದ್ಧದ ಫ್ರೆಂಚ್ ಕಾಲಾಳುಗಳನ್ನು ಅಲ್ಲಿಯ ಜನ ‘ರೋಮದವರು’ ಎಂಬರ್ಥದ ಆ ಮಾತಿನಿಂದ ಕರೆಯುತ್ತಿದ್ದರು. ವಿದ್ಯಾರ್ಥಿಗಳು ಆ ಮಾತನ್ನೇ ಹಿಡಿದು ಸಿಪಾಯಿಗಳನ್ನೆಲ್ಲ ಮೊಲಗಳನ್ನಾಗಿ ಮಾಡಿ ಕಂದಕದಲ್ಲಿ ಕೂರಿಸಿದರು. ಅಡ್ಡಹೆಸರಿನಲ್ಲಿದ್ದ ಹಾಸ್ಯ ಚಿತ್ರಕ್ಕೆ ಬಂದಾಗ ಮರುಕವಾಯಿತು. ಭಾಷೆಯೊಳಗಣ ಒಂದು ಶಬ್ದ ಇಡೀ ಚಿತ್ರಕ್ಕೆ ದಾರಿ ತೋರಿದುದು ಕನ್ನಡದ ವಿದ್ಯಾರ್ಥಿ ಗಮನಿಸತಕ್ಕ ಸಂಗತಿ. ಏಕೆಂದರೆ ಅಂಥ ಶಬ್ದ ನಮ್ಮಲ್ಲಿಯೂ ಒಂದುಂಟು: ಅಮೃತಮಹಲ್.

ಅಮೃತಮಹಲ್ ಎಂದರೆ ಹೆಸರಿನಿಂದ ಹಾಲು, ಬೆಣ್ಣೆಗಳ ಮಾತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದು ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಬೆಣ್ಣೆ ಚಾವಡಿಯೇ ಆಗಿತ್ತು. ಹೈದರನು ಆ ದನಗಳನ್ನು ಫಿರಂಗಿಗಾಡಿಗಳಿಗೆ ಹೂಡಿದನು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು ದಂಡಿನ ಅಂಗವಾಗಿಯೇ ಬೆಳೆಸಿದನು. ಹೆಸರು ಅಮೃತ, ಎಳೆಯುವುದು ತೋಪು! ಹಾಸ್ಯಗಾರನು ಕಲ್ಪಿಸಬೇಕಾದುದೇನನ್ನೂ ಸರ್ಕಾರಿ ದಫ್ತರಗಳು ಉಳಿಸಿಲ್ಲ. ಈ ತಳಿಯ ಮೂಲಶಾಖೆಗಳೆಂದು ಹೆಸರಿಸುವ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರರಲ್ಲಿ ಹಾಗಲವಾಡಿ ತುಮಕೂರು ಜಿಲ್ಲೆಯ ಊರು. ಬೂದುಬಣ್ಣದ ತೆಳುಮೈ, ಹಿಂದಕ್ಕೆ ಬಾಗಿ ಮೇಲೇರುವ ಚೂಪಾದ ಕೊಂಬು, ಬಿರುಸಿನ ಕಣ್ಣು. ಹಾಲಿಗೆ ಇವು ಹೆಸರಾದುವಲ್ಲ. ನಡಿಗೆಗೆ ಇವನ್ನು ಮೀರಿಸಿದವು ಇರಲಿಲ್ಲ. ಚಿದಂಬರದ ನೆರವಿಗೆ ಹೈದರನು ಎರಡೂವರೆ ದಿನಗಳಲ್ಲಿ ನೂರು ಮೈಲಿ ಧಾವಿಸಿದುದು ಇವುಗಳ ಬಲದಿಂದಲೇ ಎಂದು ಬರೆದಿಟ್ಟಿದ್ದಾರೆ. ಇತಿಹಾಸದ ಪುಟದಲ್ಲಿ ‘ಹೈದರನು ಧಾವಿಸಿದನು’ ಎಂದಿರುತ್ತದೆ. ಧಾವಿಸಿದುದು ಎತ್ತು.

ಎತ್ತಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಕಾರ್ನ್‌ವಾಲಿಸ್ ಕಲಿತದ್ದು 1791ರ ಮೇ ತಿಂಗಳಿನಲ್ಲಿ. ಶ್ರೀರಂಗಪಟ್ಟಣದ ಬಾಗಿಲವರೆಗೆ ಬಂದು, ಅರಕೆರೆಯ ಬಳಿ ಗೆಲುವನ್ನೂ ಪಡೆದು, ಮುತ್ತಿಗೆಗೆ ಸಿದ್ಧನಾದಾಗ ಅವನ ಎತ್ತುಗಳು ಮೇವಿಲ್ಲದೆ, ರೋಗದಿಂದ, ಮಂದೆಮಂದೆಯಾಗಿ ಸತ್ತುವು. ತೋಪುಗಳಿವೆ, ಗುಂಡುಗಳಿವೆ, ಎಳೆಯುವವರಿಲ್ಲ. ಕಡೆಗೆ ಆ ಗೌರ್ನರ್ ಜನರಲನು ತಾನೇ ತಂದ ಭಾರಿ ತೋಪುಗಳನ್ನು ತಾನೇ ಒಡೆಸಿಹಾಕಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಟಿಪ್ಪುವಿನ ರಾಜಧಾನಿಗೆ ಆ ವರ್ಷದ ಮಟ್ಟಿಗೆ ಬದುಕು ಕೊಟ್ಟವರಲ್ಲಿ ಸತ್ತ ಎತ್ತುಗಳನ್ನೂ ಎಣಿಸಬೇಕು. ಅದೇ ಯುದ್ಧದಲ್ಲಿ ಬಲವಂತರಾಯನೆಂಬ ಮರಾಠಾ ಸರದಾರನ ದಂಡು ಮಧುಗಿರಿಯನ್ನು ಮುತ್ತಿತ್ತು. ಇವರೆಲ್ಲರ ನಡುವೆ ಲಂಬಾಣಿಗಳ ಎತ್ತಿನ ಸಾಲುಗಳು ಬೆನ್ನ ಮೇಲೆ ಧಾನ್ಯದ ಗೋಣಿ ಹೇರಿಕೊಂಡು ದಂಡಿನಿಂದ ದಂಡಿಗೆ ನಡೆಯುತ್ತಿದ್ದುವು. ಕಾಳು ಎಲ್ಲ ಪಕ್ಷದವರಿಗೂ ಬೇಕಾದುದರಿಂದ ಲಂಬಾಣಿಯ ಎತ್ತನ್ನು ಸಾಮಾನ್ಯವಾಗಿ ಯಾವ ಪಕ್ಷದವರೂ ಮುಟ್ಟುತ್ತಿರಲಿಲ್ಲ.

ಚಿತ್ರದ ಸನ್ನಿವೇಶ ಇಲ್ಲಿಯೇ ಸಿದ್ಧವಾಗಿದೆಯಲ್ಲವೆ? ರಾತ್ರಿ; ಒಂದು ಕೆರೆ. ಈ ದಂಡಿನ ಎತ್ತು ಈ ದಡದಲ್ಲಿ, ಆ ದಂಡಿನ ಎತ್ತು ಆ ದಡದಲ್ಲಿ ನೀರು ಕುಡಿಯುತ್ತವೆ. ಒಂದು ಮತ್ತೊಂದನ್ನು ನೋಡುತ್ತದೆ: ಅದೇ ಕೊಂಬು, ಅದೇ ಹಿಣಿಲು, ಬಹುಶಃ ಒಂದೇ ಕಾವಲಿನಲ್ಲಿ ಕೂಡಿ ಮೇದವು. ಲಂಬಾಣಿಯ ಎತ್ತು ಗಂಟೆಯಾಡಿಸುತ್ತ ನಡುವೆ ಹಾದುಹೋಗುತ್ತದೆ. ಬೆಳಗಾದರೆ ಇಬ್ಬರು ಸುಬೇದಾರರು ಎರಡು ತೋಪುಗಳನ್ನು ಎದುರುಬದುರಾಗಿ ನಿಲ್ಲಿಸಲು ಕೂಗಾಡುತ್ತಿದ್ದಾರೆ, ಎತ್ತುಗಳೆರಡೂ ಮಲಗಿಬಿಟ್ಟಿವೆ. ಎತ್ತು ಮಲಗಿದ ಮೇಲೆ ಅದನ್ನು ಎಬ್ಬಿಸುವ ಪಾಡು ರೈತರ ಮಕ್ಕಳಿಗೆ ಗೊತ್ತು. ಬಾಲ ಹಿಂಡುವುದು, ಮೂಗುದಾರ ಜಗ್ಗುವುದು, ಬೈಯುವುದು, ಕಡೆಗೆ ಪಕ್ಕದಲ್ಲಿ ತಾನೂ ಕುಳಿತುಬಿಡುವುದು. ಸುಬೇದಾರನೂ ಹಾಗೆ ಕುಳಿತುಬಿಟ್ಟರೆ ಹಾಸ್ಯ ಪೂರ್ಣವಾಯಿತು. ಇಲ್ಲಿ ನಗೆಗೀಡಾಗುವವನು ಎತ್ತಲ್ಲ. ಪ್ರಾಣಿ ಜಾರಿಬಿದ್ದುದನ್ನೂ ಹೊಡೆತ ತಿಂದುದನ್ನೂ ತೋರಿಸಿ ನಗಿಸುವುದು ಸುಲಭ. ಮೂಗುದಾರವನ್ನು ಹಿಡಿದಿರುವ ಕೈಯನ್ನು ನೋಡಿ ನಗುವಂತೆ ಮಾಡುವುದು ಕಷ್ಟ. ಮೊಮೊತಾರೊವಿನ ಕರಡಿಗೂ ಅಳಿಲಜ್ಜನಿಗೂ ಇರುವ ಅಂತರ ಅಷ್ಟೇ.

ಪ್ರಾಣಿಗಳ ಯುದ್ಧ ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ಕಾಗೆ ಗೂಬೆಗಳ ಹಗೆತನದ ಕಥೆಯುಳ್ಳ ಪಂಚತಂತ್ರವನ್ನು ಹನ್ನೊಂದನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ದುರ್ಗಸಿಂಹನು ಚಾಳುಕ್ಯ ಜಗದೇಕಮಲ್ಲನ ಸಂಧಿವಿಗ್ರಹಿ, ಎಂದರೆ ಸಂಧಿಯನ್ನೂ ಯುದ್ಧವನ್ನೂ ನೋಡಿಕೊಳ್ಳುವ ಅಧಿಕಾರಿ. ಹಗಲೆಲ್ಲ ಅರಸರ ಜಗಳದ ಕಾಗದಪತ್ರ ನೋಡುತ್ತಿದ್ದವನು ಕಾಗೆ ಗೂಬೆಗಳ ಜಗಳವನ್ನು ಬರೆಯುವಾಗ ಯಾರನ್ನು ನೆನೆಯುತ್ತಿದ್ದನೋ! ಅವನಿಗೂ ಹಿಂದೆ, ಕ್ರಿ.ಶ. 949-50ರ ಆತಕೂರಿನ ಕಲ್ಲು ಇನ್ನೊಂದು ಕಥೆ ಹೇಳುತ್ತದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಬೇಕಾದುದನ್ನು ಬೇಡೆಂದು ಅವನ ಒಡೆಯನು ಹೇಳಿದಾಗ ಅವನು ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಅದಕ್ಕೆ ಕಲ್ಲು ನೆಟ್ಟು, ಭೂಮಿ ಬಿಟ್ಟು, ಪೂಜೆ ಮಾಡದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟಲೆಂದು ಬರೆಸಿದರು. ರಾಜ್ಯಗಳು ಉರುಳಿದ ಯುದ್ಧದಿಂದ ಒಬ್ಬ ವೀರನು ನಾಯಿಯೊಂದನ್ನು ಮನೆಗೆ ತಂದನೆಂಬುದರಲ್ಲಿ ಹಾಸ್ಯವೂ ಉಂಟು, ಹಾಸ್ಯಕ್ಕಿಂತ ಮಿಗಿಲಾದುದೂ ಉಂಟು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಜೆಯಲ್ಲಿ ಮಕ್ಕಳಿಗೆ ತೋರಿಸಬಹುದು.

ಎಲ್ಲವೂ ನಗೆಗೆ ತಕ್ಕುದಲ್ಲ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಮತ್ತು ಮೈಸೂರಿನ ಲ್ಯಾನ್ಸರುಗಳು ಕುದುರೆಯ ಮೇಲೆ ನುಗ್ಗಿ ಹೈಫಾ ಪಟ್ಟಣವನ್ನು ಹಿಡಿದರು. ಸತ್ತ ಸೈನಿಕರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡುವು 83. ಸೈನಿಕರ ನೆನಪಿಗೆ ಬೆಂಗಳೂರಿನಲ್ಲಿ ಸ್ಮಾರಕವಿದೆ, ಇರತಕ್ಕದ್ದೇ. ಈ ನಾಲ್ಕು ಅಂಕಿಗಳನ್ನು ನಾಲ್ಕು ಚೌಕಟ್ಟಿನಲ್ಲಿ ಬರೆದು ಸುಮ್ಮನಿರುವ ಧೈರ್ಯ ಹಾಸ್ಯಚಿತ್ರದ ನಡುವೆಯೂ ಇರಬೇಕು.

ಇನ್ನು ಬರೆಯುವ ಬಗೆ. ಎತ್ತನ್ನು ಬರೆಯಬೇಕಾದರೆ ಎತ್ತನ್ನು ನೋಡಬೇಕು. ಇದು ಹೇಳಬೇಕಾದ ಮಾತೇ ಎಂದು ಕೆಲವರು ಕೇಳಬಹುದು. ಆದರೆ ಪಟ್ಟಣದಲ್ಲಿ ಬೆಳೆದ ಹುಡುಗರು ಪರದೇಶದ ಕಾರ್ಟೂನಿನ ಹಸುವನ್ನು ನೋಡಿ ಹಸು ಬರೆಯುವುದರಿಂದ ಹೇಳಬೇಕಾಗಿದೆ. ಆ ಹಸುವಿಗೆ ಹಿಣಿಲಿಲ್ಲ, ಗಂಗೆದೊಗಲಿಲ್ಲ. ಅದು ನಮ್ಮ ನೊಗಕ್ಕೆ ಹೊಂದುವುದಿಲ್ಲ. ಕುದುರೆಯ ಓಟದಲ್ಲಿ ನಾಲ್ಕು ಗೊರಸುಗಳೂ ಒಮ್ಮೆ ನೆಲ ಬಿಡುತ್ತವೆಂಬುದನ್ನು ಮೈಬ್ರಿಜ್ ಎಂಬಾತ 1878ರಲ್ಲಿ ಸಾಲು ಕ್ಯಾಮೆರಾಗಳಿಂದ ತೋರಿಸುವವರೆಗೆ ದೊಡ್ಡ ದೊಡ್ಡ ಚಿತ್ರಗಾರರೂ ಅದನ್ನು ತಪ್ಪಾಗಿಯೇ ಬರೆಯುತ್ತಿದ್ದರು. ಎತ್ತು ನಡೆಯುವಾಗ ಎಡದ ಹಿಂಗಾಲು, ಎಡದ ಮುಂಗಾಲು, ಬಲದ ಹಿಂಗಾಲು, ಬಲದ ಮುಂಗಾಲು ಎಂದು ನಾಲ್ಕು ಹೆಜ್ಜೆಗಳು ಬೇರೆಬೇರೆಯಾಗಿ ಬೀಳುತ್ತವೆ. ಪ್ರತಿ ಹೆಜ್ಜೆಗೂ ತಲೆ ಒಂದಿಷ್ಟು ತೂಗುತ್ತದೆ. ಗಂಗೆದೊಗಲು ಒಂದು ಕ್ಷಣ ತಡವಾಗಿ ತೂಗುತ್ತದೆ. ಆ ತಡದಲ್ಲಿಯೇ ಭಾರ ಕಾಣುವುದು. ತುಮಕೂರಿನ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಒಂದು ದಿನ ನಿಂತರೆ ಒಂದು ವರ್ಷದ ಪಾಠವಾಗುತ್ತದೆ. ಕೊಳ್ಳುವವನು ಹಲ್ಲು ನೋಡುವಾಗ ಎತ್ತಿನ ಮುಖದಲ್ಲಿ ಕಾಣುವ ಬೇಸರವನ್ನು ಯಾವ ಪುಸ್ತಕವೂ ಕಲಿಸಲಾರದು.

ಜಿಂಕೆ ಬೇಕಾದವರಿಗೆ ಮಧುಗಿರಿ ತಾಲ್ಲೂಕಿನಲ್ಲಿಯೇ ಮೈದನಹಳ್ಳಿಯುಂಟು. ಸುಮಾರು 800 ಎಕರೆಯ ಆ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಸಾರಿದರು. ‘ಬ್ಯಾಂಬಿ’ಗಾಗಿ ಡಿಸ್ನಿಯವರು ಜೀವಂತ ಜಿಂಕೆಮರಿಗಳನ್ನು ಸ್ಟುಡಿಯೋಗೆ ತರಿಸಿ ಕಲಾವಿದರ ಮುಂದೆ ಬಿಟ್ಟಿದ್ದರು. ಇಲ್ಲಿ ಅಷ್ಟು ಖರ್ಚಿಲ್ಲ. ಬೆಳಗಿನ ಹೊತ್ತು ಮಾತನಾಡದೆ ಕುಳಿತಿದ್ದರೆ ಸಾಕು. ಬೆದರಿದ ಹಿಂಡು ಓಡುವ ಮೊದಲು ನೆಟ್ಟಗೆ ಮೇಲಕ್ಕೆ ನೆಗೆಯುತ್ತದೆ. ಮುಂದಕ್ಕೆ ಓಡಬೇಕಾದ ಪ್ರಾಣಿ ಮೇಲಕ್ಕೇಕೆ ನೆಗೆಯಬೇಕು? ನೋಡಲು ತಮಾಷೆಯಾಗಿರುವ ಆ ನೆಗೆತ ಭಯದಿಂದ ಹುಟ್ಟಿದ್ದು.

ಕಂಪ್ಯೂಟರೂ ಕೈಗೆಟುಕದವರಿಗೆ ತೊಗಲುಗೊಂಬೆಯ ದಾರಿಯಿದೆ. ರಾಮರಾವಣರ ಘೋರಯುದ್ಧದ ನಡುವೆ ಕಿಳ್ಳೇಕ್ಯಾತನೂ ಬಂಗಾರಕ್ಕನೂ ನುಗ್ಗಿ ಜನರನ್ನು ನಗಿಸಿಹೋಗುವ ಪದ್ಧತಿ ಆ ಆಟದಲ್ಲಿ ಹಿಂದಿನಿಂದಲೂ ಬಂದಿದೆ. ಯುದ್ಧದ ಕಥೆಗೆ ಎಲ್ಲಿ ನಗೆ ಬೇಕು, ಎಲ್ಲಿ ಬೇಡ ಎಂಬ ಅಳತೆಯನ್ನು ಆ ಕಲಾವಿದರಿಂದ ಕಲಿಯಬಹುದು. ಜರ್ಮನಿಯ ಲೋಟೆ ರೈನಿಗರ್ ಕತ್ತರಿಯಿಂದ ಕತ್ತರಿಸಿದ ನೆರಳುಗೊಂಬೆಗಳಿಂದಲೇ 1926ರಲ್ಲಿ ಪೂರ್ಣಾವಧಿಯ ಚಿತ್ರವನ್ನು ಮಾಡಿ ಮುಗಿಸಿದಳು. ರಟ್ಟು, ಕತ್ತರಿ, ಒಂದು ದೀಪ, ಅಲುಗದಂತೆ ಕಟ್ಟಿದ ಒಂದು ಮೊಬೈಲು: ಇಂದು ಇಷ್ಟರಿಂದ ಆರಂಭಿಸಬಹುದು.

ಪ್ರಾಣಿಗಳು ಮಾತನಾಡಬೇಕೆ? ಇದರಲ್ಲಿ ಅಭಿಪ್ರಾಯಭೇದವುಂಟು. ಮಧುಗಿರಿ ಸೀಮೆಯ ಗಡುಸು ಕನ್ನಡವನ್ನು ಎತ್ತಿನ ಬಾಯಲ್ಲಿ ಆಡಿಸಿದರೆ ಚಪ್ಪಾಳೆ ಖಂಡಿತ. ಆದರೆ 2025ರಲ್ಲಿ ಆಸ್ಕರ್ ಪಡೆದ ಲಾಟ್ವಿಯಾದ ‘ಫ್ಲೋ’ ಚಿತ್ರದ ಬೆಕ್ಕು, ನಾಯಿಗಳು ಒಂದು ಮಾತನ್ನೂ ಆಡುವುದಿಲ್ಲ. ಅದನ್ನು ಮಾಡಿದುದೂ ಆ ಬಿಟ್ಟಿ ತಂತ್ರಾಂಶ ಬ್ಲೆಂಡರಿನಲ್ಲಿಯೇ. ಎತ್ತಿನ ಕಥೆಗೆ ಮೌನವೇ ಲೇಸು. ಮಾತನಾಡುವವರು ಮನುಷ್ಯರು, ಆ ಮಾತು ಎತ್ತಿನ ಕಿವಿಗೆ ಬಿದ್ದಂತೆ, ಅರ್ಥವಿಲ್ಲದ ಗದ್ದಲವಾಗಿ ಕೇಳಿಸಲಿ. ಮರಾಠರದೂ ಗದ್ದಲ, ಇಂಗ್ಲಿಷರದೂ ಗದ್ದಲ, ಮೈಸೂರಿನವರದೂ ಗದ್ದಲ. ಸಂಜೆ ಮೇವು ಹಾಕುವ ಹುಡುಗ ಕರೆಯುವ ‘ಬಾ’ ಎಂಬ ಒಂದು ಶಬ್ದ ಮಾತ್ರ ಸ್ಪಷ್ಟವಾಗಿ ಕೇಳಿಸಿದರೆ ಸಾಕು.

ಯುದ್ಧದ ಎತ್ತುಗಳ ಕಥೆ 1799ಕ್ಕೆ ಮುಗಿಯಲಿಲ್ಲ. ಇಂಗ್ಲಿಷರು ಅವನ್ನು ತಮ್ಮದಾಗಿಸಿಕೊಂಡು ತಮ್ಮ ತೋಪುಗಳಿಗೆ ಹೂಡಿದರು. 1860ರಲ್ಲಿ ಖರ್ಚು ಹೆಚ್ಚೆಂದು ಹಿಂಡುಗಳನ್ನೇ ಮಾರಿದರು; ಅಂಥ ಎತ್ತು ಬೇರೆಲ್ಲಿಯೂ ಸಿಗದೆ ಕೆಲವೇ ವರ್ಷಗಳಲ್ಲಿ ಅವನ್ನೇ ಹುಡುಕಿ ಮತ್ತೆ ಕೂಡಿಹಾಕಿದರು. ಆಮೇಲೆ ಮೋಟಾರು ಬಂದಿತು. ತೋಪಿಗೆ ಎತ್ತು ಬೇಡವಾಯಿತು. ಉಳಿದದ್ದು ಕಾವಲುಗಳು: ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ದನಗಳಿಗೆಂದೇ ಬಿಟ್ಟ ಹುಲ್ಲುಗಾವಲುಗಳು. ಸಿರಾದಿಂದ ಹೆದ್ದಾರಿಯಲ್ಲಿ ಹಿರಿಯೂರಿಗೆ ಹೋಗಿ, ಅಲ್ಲಿಂದ ಮುಂದೆ ಸಾಗಿದರೆ ಚಳ್ಳಕೆರೆ. ಅಲ್ಲಿಯ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುವಿಜ್ಞಾನ ಮುಂತಾದ ಸಂಸ್ಥೆಗಳಿಗೆ ಕೊಟ್ಟರು. ಕುರಿ ದನ ಮೇಯಿಸುತ್ತಿದ್ದ ಊರಿನವರು ಆಕ್ಷೇಪಿಸಿದರು. ವಿವಾದ ಹಸಿರು ನ್ಯಾಯಮಂಡಲಿಯವರೆಗೆ ಹೋಯಿತು. ಕಾವಲಿನ ಸುತ್ತ ಗೋಡೆ ಎದ್ದಿತು. 2017ರಲ್ಲಿ ಅಲ್ಲಿ ಚಾಲಕನಿಲ್ಲದ ಯುದ್ಧವಿಮಾನಗಳನ್ನು ಪರೀಕ್ಷಿಸುವ ನೆಲೆ ವಿಧಿವತ್ತಾಗಿ ಆರಂಭವಾಯಿತು. ದೇಶಕ್ಕೆ ಅಂಥ ನೆಲೆ ಬೇಕೆಂಬುದನ್ನು ಅಲ್ಲಗಳೆಯುವುದು ಸುಲಭವಲ್ಲ. ಎತ್ತನ್ನು ಯುದ್ಧದಿಂದ ಬಿಡಿಸಿದ ಮೇಲೆ ಅದರ ಹುಲ್ಲನ್ನು ಯುದ್ಧಕ್ಕೆ ಕೊಟ್ಟುದನ್ನು ಕಾಣದಿರುವುದೂ ಸುಲಭವಲ್ಲ.

ವಿದ್ಯಾರ್ಥಿಯು ಚಿತ್ರದ ಕಡೆಯ ದೃಶ್ಯವನ್ನು ಅಲ್ಲಿಯೇ ಇಡಬಹುದು. ಉದ್ದಕ್ಕೆ ಗೋಡೆ. ಗೋಡೆಯ ಬುಡದಲ್ಲಿ ಒಂದು ಕುರಿ ಒಣಹುಲ್ಲನ್ನು ಕಚ್ಚುತ್ತಿದೆ. ಮೇಲೆ ಸದ್ದು, ಒಂದು ನೆರಳು ಕುರಿಯ ಬೆನ್ನ ಮೇಲೆ ಹಾದುಹೋಗುತ್ತದೆ. ಕುರಿ ತಲೆಯೆತ್ತಿ ನೋಡುತ್ತದೆ. ಎತ್ತಿದ ತಲೆಯನ್ನು ಇಳಿಸಿ, ಗೋಡೆಯನ್ನು ಅನುಸರಿಸಿ, ಬಾಗಿಲು ಹುಡುಕುತ್ತ ನಡೆಯುತ್ತದೆ. ಹನ್ನೆರಡು ಸೆಕೆಂಡಿನ ಈ ಭಾಗಕ್ಕೆ 144 ಚಿತ್ರಗಳು ಸಾಕಾಗುತ್ತವೆ.